ಹಳೆಯ ಕಾರಿನ ಶಾಖ ಕವಚ: ತಗಡಿಗಿಂತ ಅಂತರವೇ ಮುಖ್ಯ

ಹಳೆಯ ಕಾರಿನ ಬಾನೆಟ್ ಎತ್ತಿ ನೋಡುವವರ ಕಣ್ಣು ಸಾಮಾನ್ಯವಾಗಿ ಆಯಿಲ್ ಸೋರಿಕೆ, ಬೆಲ್ಟಿನ ಬಿರುಕು, ಬ್ಯಾಟರಿ ಟರ್ಮಿನಲ್‌ಗಳ ಮೇಲೆ ಕಟ್ಟಿದ ಬಿಳಿ ಪುಡಿ ಇಂತಹವುಗಳ ಕಡೆಗೆ ಹೋಗುತ್ತದೆ. ಎಂಜಿನ್ನಿನ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಕವುಚಿಕೊಂಡಿರುವ ತುಕ್ಕು ಹಿಡಿದ ತಗಡನ್ನು, ಅಂದರೆ ಶಾಖ ಕವಚವನ್ನು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಗಡಗಡ ಸದ್ದು ಮಾಡಲು ತೊಡಗಿದಾಗ ಮಾತ್ರ ಅದಕ್ಕೊಂದು ಹೆಸರು ಬರುತ್ತದೆ. ಆಗಲೂ ಅನೇಕ ಗ್ಯಾರೇಜುಗಳಲ್ಲಿ ಸಿಗುವ ಪರಿಹಾರವೆಂದರೆ ಅದನ್ನು ಕಿತ್ತು ಬಿಸಾಡುವುದು. ಸದ್ದು ನಿಲ್ಲುತ್ತದೆ, ಮಾಲೀಕನಿಗೆ ಸಮಾಧಾನವಾಗುತ್ತದೆ, ಮತ್ತು ಕೆಲವು ತಿಂಗಳ ನಂತರ ಪ್ಲಗ್ ವೈರಿನ ರಬ್ಬರ್ ಒಣಗಿ ಸೀಳಿದಾಗ ಅಥವಾ ಬಿಸಿಯಾದ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಸತಾಯಿಸಿದಾಗ ಆ ತಗಡಿಗೂ ಈ ತೊಂದರೆಗೂ ಇರುವ ಸಂಬಂಧ ಯಾರ ನೆನಪಿಗೂ ಬರುವುದಿಲ್ಲ. ನನ್ನ ಹಳೆಯ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಸಾಧನ) ಕಾರಿನ ಶಾಖ ಕವಚಗಳನ್ನೆಲ್ಲ ಬಿಚ್ಚಿ, ಕೆಲವನ್ನು ಸರಿಪಡಿಸಿ, ಉಳಿದವನ್ನು ಹೊಸದಾಗಿ ಮಾಡಿ ಕೂರಿಸಿದ ಕೆಲಸದ ಹಿನ್ನೆಲೆಯಲ್ಲಿ ಈ ಬರಹವನ್ನು ಬರೆಯುತ್ತಿದ್ದೇನೆ. ಕೆಲಸದ ಕ್ರಮಕ್ಕಿಂತ ಹೆಚ್ಚಾಗಿ, ಆ ಕ್ರಮ ಹಾಗೇಕೆ ಇರಬೇಕು ಎಂಬುದನ್ನು ಹೇಳುವುದು ಇಲ್ಲಿನ ಉದ್ದೇಶ.

ಮೊದಲು ಶಾಖದ ಪ್ರಮಾಣವನ್ನು ಗಮನಿಸೋಣ. ಪೆಟ್ರೋಲ್ ಎಂಜಿನ್ ಪೂರ್ಣ ಭಾರದಲ್ಲಿ ಓಡುವಾಗ ಸಿಲಿಂಡರ್‌ಗಳಿಂದ ಹೊರಬೀಳುವ ಅನಿಲದ ಉಷ್ಣತೆ 800ರಿಂದ 900 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಹುದು. ಡೀಸೆಲ್ ಎಂಜಿನ್ನಿನಲ್ಲಿ ಅದು ಸ್ವಲ್ಪ ಕಡಿಮೆ. ಆ ಅನಿಲವನ್ನು ಒಟ್ಟುಗೂಡಿಸಿ ಪೈಪಿಗೆ ಕಳುಹಿಸುವ ಎರಕದ ಕಬ್ಬಿಣದ ಮ್ಯಾನಿಫೋಲ್ಡ್‌ನ ಹೊರಮೈ ಸಾಧಾರಣ ಓಟದಲ್ಲಿಯೇ ಹಲವು ನೂರು ಡಿಗ್ರಿಯಲ್ಲಿರುತ್ತದೆ, ದೀರ್ಘವಾದ ಏರು ಹತ್ತುವಾಗ ಇನ್ನೂ ಮೇಲೇರುತ್ತದೆ. ಅದರಿಂದ ಒಂದು ಗೇಣಿನ ಒಳಗೇ ಇರುವ ವಸ್ತುಗಳ ಮಿತಿಗಳು ಬೇರೆಯೇ ಲೋಕದವು. ಹಳೆಯ ವೈರಿಂಗ್‌ನ ಪಿವಿಸಿ ಹೊದಿಕೆ 100 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಎಂಜಿನ್ನನ್ನು ಹೊತ್ತು ನಿಲ್ಲುವ ಮೌಂಟಿಂಗ್‌ಗಳಲ್ಲಿ ಬಳಸುವ ನೈಸರ್ಗಿಕ ರಬ್ಬರ್ ಅದಕ್ಕೂ ಮೊದಲೇ ಮುಪ್ಪಾಗುತ್ತದೆ. ಕಾರ್ಬ್ಯುರೇಟರ್‌ನಲ್ಲಿರುವ ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಒಳಗೇ ಆವಿಯಾಗಲು ಆರಂಭಿಸುತ್ತವೆ. ಈ ಎರಡು ಲೋಕಗಳನ್ನು ಬೇರ್ಪಡಿಸಲು ಇರುವುದು ಒಂದು ಮಿಲಿಮೀಟರಿಗಿಂತ ತೆಳುವಾದ ತಗಡು ಎಂದರೆ ನಂಬಲು ಕಷ್ಟವಾಗುತ್ತದೆ. ಆ ಸಂಶಯ ಸರಿಯಾದದ್ದೇ. ಏಕೆಂದರೆ ಹೆಚ್ಚಿನ ಕೆಲಸವನ್ನು ಮಾಡುತ್ತಿರುವುದು ತಗಡಲ್ಲ. ತಗಡಿಗೂ ಬಿಸಿ ಲೋಹಕ್ಕೂ ನಡುವೆ, ಮತ್ತು ತಗಡಿಗೂ ಅದು ಕಾಪಾಡುವ ವಸ್ತುವಿಗೂ ನಡುವೆ, ಇರುವ ಗಾಳಿಯ ಅಂತರ.

ಶಾಖ ಸಾಗುವ ಮೂರು ದಾರಿಗಳನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ: ವಹನ, ಸಂವಹನ, ವಿಕಿರಣ. ಬಾನೆಟ್ಟಿನ ಕೆಳಗೆ ಇವು ಮೂರೂ ನಡೆಯುತ್ತಿದ್ದರೂ ಮ್ಯಾನಿಫೋಲ್ಡ್ ಬಿಸಿಯಾದಷ್ಟೂ ವಿಕಿರಣವೇ ಮೇಲುಗೈ ಪಡೆಯುತ್ತದೆ. ಯೋಸೆಫ್ ಸ್ಟೆಫಾನ್ 1879ರಲ್ಲಿ ಪ್ರಯೋಗಗಳ ಆಧಾರದಿಂದ ಕಂಡುಕೊಂಡು, ಲುಡ್ವಿಗ್ ಬೋಲ್ಟ್ಸ್‌ಮನ್ 1884ರಲ್ಲಿ ಸೈದ್ಧಾಂತಿಕವಾಗಿ ಸ್ಥಾಪಿಸಿದ ನಿಯಮದ ಪ್ರಕಾರ, ಬಿಸಿ ಮೈಯೊಂದು ಹೊರಸೂಸುವ ಶಾಖವು ಅದರ ಕೆಲ್ವಿನ್ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಮ್ಯಾನಿಫೋಲ್ಡ್ 300 ಡಿಗ್ರಿ ಸೆಲ್ಸಿಯಸ್‌ನಿಂದ 600ಕ್ಕೆ ಏರಿತೆಂದರೆ ನಮ್ಮ ಮಾಪಕದಲ್ಲಿ ಅದು ಎರಡು ಪಟ್ಟಾದಂತೆ ಕಾಣುತ್ತದೆ. ಕೆಲ್ವಿನ್ ಲೆಕ್ಕದಲ್ಲಿ 573ರಿಂದ 873ಕ್ಕೆ ಹೋಗಿರುತ್ತದೆ. ಹೊರಸೂಸುವ ಶಾಖ ಮಾತ್ರ ಐದು ಪಟ್ಟಿಗೂ ಮಿಗಿಲಾಗಿರುತ್ತದೆ. ನಿಧಾನವಾಗಿ ಓಡಿಸುವಾಗ ಕವಚವಿಲ್ಲದೆಯೂ ಏನೂ ತೊಂದರೆ ಕಾಣದ ಕಾರು ಒಂದೇ ಒಂದು ಉದ್ದನೆಯ ಏರಿನಲ್ಲಿ ವೈರು ಸುಟ್ಟುಕೊಳ್ಳುವುದಕ್ಕೆ ಕಾರಣ ಇದೇ.

ಈ ವಿಕಿರಣವನ್ನು ತಡೆಯಲು ದಪ್ಪ ಬೇಕಾಗಿಲ್ಲ. ಎರಡು ಮೈಗಳ ನಡುವೆ ಅವುಗಳದೇ ಗುಣದ ಒಂದು ತೆಳು ಹಾಳೆಯನ್ನು, ಎರಡನ್ನೂ ಮುಟ್ಟದಂತೆ ನಿಲ್ಲಿಸಿದರೆ, ವಿಕಿರಣದ ಮೂಲಕ ದಾಟುವ ಶಾಖ ಅರ್ಧಕ್ಕೆ ಇಳಿಯುತ್ತದೆ. ಇನ್ನೊಂದು ಹಾಳೆ ನಿಲ್ಲಿಸಿದರೆ ಮೂರನೆಯ ಒಂದು ಭಾಗಕ್ಕೆ. ಆ ಹಾಳೆ ಹೊಳೆಯುವ ಲೋಹದ್ದಾಗಿದ್ದರೆ ಲಾಭ ಇನ್ನೂ ದೊಡ್ಡದು. ತುಕ್ಕು ಹಿಡಿದ ಎರಕದ ಕಬ್ಬಿಣ ತನ್ನ ಉಷ್ಣತೆಯಲ್ಲಿ ಸಾಧ್ಯವಿರುವ ಗರಿಷ್ಠ ವಿಕಿರಣದ ಬಹುಪಾಲನ್ನು ಹೊರಸೂಸುತ್ತದೆ, ಸ್ವಚ್ಛವಾದ ಅಲ್ಯೂಮಿನಿಯಂ ಹತ್ತನೆಯ ಒಂದು ಭಾಗಕ್ಕೂ ಕಡಿಮೆ ಹೊರಸೂಸುತ್ತದೆ. ಲೆಕ್ಕ ಹಾಕಿದರೆ ಹೊಳಪಿನ ಒಂದೇ ಹಾಳೆ ವಿಕಿರಣವನ್ನು ಹತ್ತನೆಯ ಒಂದು ಭಾಗಕ್ಕಿಂತ ಕೆಳಗೆ ಇಳಿಸಬಲ್ಲದು. ಆದರೆ ಹಾಳೆ ಬಿಸಿ ಲೋಹವನ್ನು ಮುಟ್ಟಿದ ಕ್ಷಣವೇ ಈ ಲೆಕ್ಕ ಮುರಿದು ಬೀಳುತ್ತದೆ, ಏಕೆಂದರೆ ಅಲ್ಯೂಮಿನಿಯಂ ನಿಶ್ಚಲ ಗಾಳಿಗಿಂತ ಹಲವು ಸಾವಿರ ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಮುಟ್ಟಿದ ತಗಡು ತಡೆಯಾಗಿ ಉಳಿಯುವುದಿಲ್ಲ. ಬಿಸಿ ಭಾಗದ ಮೈಯನ್ನು ಹಿಗ್ಗಿಸಿದ ಇನ್ನೊಂದು ಬಿಸಿ ಭಾಗವಾಗುತ್ತದೆ. ಕವಚ ಬದಲಿಸುವ ಕೆಲಸದಲ್ಲಿ ಜನ ಎಡವುವ ಜಾಗಗಳೆಲ್ಲ, ನಾನು ಕಂಡಂತೆ, ಈ ಒಂದು ಸಂಗತಿಯನ್ನು ಮರೆತದ್ದರಿಂದ ಹುಟ್ಟಿದವು.

ಎಲ್ಲ ಕವಚಗಳೂ ಒಂದೇ ಹಾಳೆಯವಲ್ಲ. ತೀರ ಹಳೆಯ ಕಾರುಗಳಲ್ಲಿ ಅಚ್ಚೊತ್ತಿದ ಒಂಟಿ ಉಕ್ಕಿನ ತಗಡಿರುತ್ತದೆ. ನಂತರದ ಕಾರುಗಳಲ್ಲಿ ಎರಡು ತೆಳು ಹಾಳೆಗಳ ನಡುವೆ ನಾರಿನ ಪದರವಿಟ್ಟು ಅಂಚುಗಳನ್ನು ಮಡಚಿ ಒತ್ತಿರುತ್ತಾರೆ. ಬಿಸಿ ಪಾತ್ರೆ ಇಳಿಸಲು ಹಿಡಿಯುವ ಮಡಿಸಿದ ಬಟ್ಟೆಯ ಹಾಗೆ ಈ ನಾರು ಕೆಲಸ ಮಾಡುತ್ತದೆ: ಕೈಯನ್ನು ಕಾಯುವುದು ನೂಲಿನ ನಡುವೆ ಸಿಕ್ಕಿಕೊಂಡ ಗಾಳಿ, ಮತ್ತು ಬಟ್ಟೆ ಒದ್ದೆಯಾಗಿದ್ದರೆ ಕೈ ಸುಡುತ್ತದೆ. ಅಂಚು ಬಿಚ್ಚಿಕೊಂಡು ಒಳಗೆ ಆಯಿಲ್ ಅಥವಾ ನೀರು ಇಳಿದ ಪದರದ ಕವಚ ನೋಡಲು ಗಟ್ಟಿಯಾಗಿದ್ದರೂ ಅರ್ಧ ಸತ್ತಂತೆಯೇ. ಆಯಿಲ್ ಇಳಿದದ್ದಾದರೆ ಅದು ಬೆಂಕಿಗೂ ದಾರಿ. ಅಂಥದನ್ನು ಒಣಗಿಸಿ ಮತ್ತೆ ಬಳಸುವ ಯೋಚನೆಯನ್ನು ಬಿಟ್ಟುಬಿಡಬೇಕು. ಜೊತೆಗೆ ಸೋರುತ್ತಿರುವ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಮುಚ್ಚಳದ ಅಡಿಯ ಸೋರಿಕೆ ತಡೆಯುವ ಪಟ್ಟಿ) ಬದಲಿಸದೆ ಹೊಸ ಕವಚ ಕೂರಿಸುವುದರಲ್ಲಿ ಅರ್ಥವಿಲ್ಲ.

ಕವಚ ಇಲ್ಲದ ಕಾರಿನಲ್ಲಿ ಮೊದಲು ಸೋಲುವುದು ಯಾವುದು ಎಂಬುದು ಎಂಜಿನ್ನಿನ ವಿನ್ಯಾಸವನ್ನು ಅವಲಂಬಿಸಿದೆ. ನನ್ನ ಕಾರಿನಲ್ಲಿರುವಂತೆ ಗಾಳಿ ಒಳಹೋಗುವ ಮ್ಯಾನಿಫೋಲ್ಡ್ ಮತ್ತು ಹೊಗೆ ಹೊರಬರುವ ಮ್ಯಾನಿಫೋಲ್ಡ್ ಎರಡೂ ಎಂಜಿನ್ನಿನ ಒಂದೇ ಬದಿಯಲ್ಲಿದ್ದರೆ, ಕಾರ್ಬ್ಯುರೇಟರ್ ಬಿಸಿ ಕಬ್ಬಿಣದ ನೆತ್ತಿಯ ಮೇಲೆಯೇ ಕುಳಿತಿರುತ್ತದೆ. ಅವೆರಡರ ನಡುವಿನ ತಟ್ಟೆಯಾಕಾರದ ತಗಡು ಮತ್ತು ಕಾರ್ಬ್ಯುರೇಟರ್‌ನ ಬುಡದಲ್ಲಿರುವ ಬೇಕಲೈಟ್ ಸ್ಪೇಸರ್ (ಗಟ್ಟಿ ಪ್ಲಾಸ್ಟಿಕ್ಕಿನ ಅಂತರದ ಬಿಲ್ಲೆ) ಒಂದೇ ಕೆಲಸದ ಎರಡು ಅರ್ಧಗಳು. ತಗಡು ವಿಕಿರಣವನ್ನು ತಡೆಯುತ್ತದೆ, ಸ್ಪೇಸರ್ ವಹನವನ್ನು. ಕಾರು ಓಡುತ್ತಿರುವಾಗ ಹೊಸ ಪೆಟ್ರೋಲ್ ಹರಿದು ಬರುತ್ತಲೇ ಇರುವುದರಿಂದ ತೊಂದರೆ ಕಾಣುವುದಿಲ್ಲ. ಎಂಜಿನ್ ನಿಲ್ಲಿಸಿದ ಮೇಲೆ ಫ್ಯಾನ್ ನಿಂತು, ನೀರಿನ ಹರಿವು ನಿಂತು, ಮ್ಯಾನಿಫೋಲ್ಡ್ ತನ್ನಲ್ಲಿ ಕೂಡಿಟ್ಟ ಶಾಖವನ್ನೆಲ್ಲ ಸುತ್ತಲಿಗೆ ಬಿಡುತ್ತದೆ, ಮತ್ತು ಬಾನೆಟ್ಟಿನ ಒಳಗಿನ ಉಷ್ಣತೆ ಓಟದಲ್ಲಿದ್ದುದಕ್ಕಿಂತ ಮೇಲೇರುತ್ತದೆ. ಕಾರ್ಬ್ಯುರೇಟರ್‌ನ ಬಟ್ಟಲಿನಲ್ಲಿರುವ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿಗೆ ತೊಟ್ಟಿಕ್ಕುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿದ ಕಾರು ಮತ್ತೆ ಸ್ಟಾರ್ಟ್ ಆಗದೆ, ಒಂದು ಗಂಟೆ ಬಿಟ್ಟರೆ ಏನೂ ಆಗದಂತೆ ಹೊರಡುವ ರೋಗದ ಮೂಲ ಬಹಳ ಸಲ ಇಲ್ಲಿರುತ್ತದೆ. ಪಾಪ, ಬ್ಯಾಟರಿ, ಕಾಯಿಲ್ ಮತ್ತು ಪಂಪನ್ನು ಬದಲಿಸಿದ ಮೇಲೂ ಅದು ಹಾಗೆಯೇ ಉಳಿದಿರುತ್ತದೆ.

ಸ್ಟಾರ್ಟರ್ ಮೋಟಾರಿನ ಕಷ್ಟ ಇನ್ನೊಂದು ಬಗೆಯದು. ತಾಮ್ರದ ವಿದ್ಯುತ್ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾದಂತೆ ಏರುತ್ತದೆ. 20 ಡಿಗ್ರಿಯಲ್ಲಿದ್ದ ಮೋಟಾರಿನ ಸುರುಳಿಗಳು ಪಕ್ಕದ ಎಕ್ಸಾಸ್ಟ್ ಪೈಪಿನ ಶಾಖಕ್ಕೆ 120 ಡಿಗ್ರಿಗೆ ಕಾದರೆ ರೋಧ ಹೆಚ್ಚುಕಡಿಮೆ ಶೇಕಡಾ 39ರಷ್ಟು ಹೆಚ್ಚಾಗಿರುತ್ತದೆ, ಅದೇ ಬ್ಯಾಟರಿಯಿಂದ ಕಡಿಮೆ ಕರೆಂಟ್ ಹರಿಯುತ್ತದೆ, ಸಾಲದ್ದಕ್ಕೆ ಅದಕ್ಕೆ ಕರೆಂಟ್ ಜೋಡಿಸುವ ವಿದ್ಯುತ್ಕಾಂತದ ಸ್ವಿಚ್ಚಾದ ಸೊಲೆನಾಯ್ಡ್‌ನ ಸೆಳೆತವೂ ಸಡಿಲಾಗುತ್ತದೆ. ಮೋಟಾರಿಗೂ ಪೈಪಿಗೂ ನಡುವೆ ಕಾರ್ಖಾನೆಯವರು ಇಟ್ಟಿದ್ದ ಅಂಗೈಯಗಲದ ತಗಡು, ಹಿಂದೆ ಯಾರೋ ಮೋಟಾರ್ ಬಿಚ್ಚಿದಾಗ ವಾಪಸು ಹಾಕದೆ ಬಿಟ್ಟದ್ದು, ಎಷ್ಟೋ ಹಳೆಯ ಕಾರುಗಳಲ್ಲಿ ಕಾಣೆಯಾಗಿರುತ್ತದೆ. ಅದರ ಬೋಲ್ಟು ಕೂರುವ ಖಾಲಿ ರಂಧ್ರವನ್ನು ಹುಡುಕಿದರೆ ಒಂದು ಕಾಲದಲ್ಲಿ ಅಲ್ಲಿ ಏನಿತ್ತು ಎಂಬುದು ತಿಳಿಯುತ್ತದೆ. ಕವಚದ ಕೆಲಸ ಆರಂಭಿಸುವಾಗ ಇರುವ ತಗಡುಗಳ ಜೊತೆಗೆ ಇಂತಹ ಖಾಲಿ ರಂಧ್ರಗಳನ್ನೂ ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು.

ರಬ್ಬರಿನ ವಿಷಯದಲ್ಲಿ ಹಾನಿ ಕಣ್ಣಿಗೆ ಕಾಣದೆ ಕೂಡುತ್ತಾ ಹೋಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಸ್ಥೂಲ ನಿಯಮವನ್ನು ಒಪ್ಪಿದರೆ, ಕವಚ ಕಳೆದುಕೊಂಡು 30 ಡಿಗ್ರಿ ಹೆಚ್ಚು ಕಾಯುವ ಮೌಂಟಿಂಗ್ ಎಂಟು ಪಟ್ಟು ಬೇಗ ಮುಪ್ಪಾಗುತ್ತದೆ; ಹತ್ತು ವರ್ಷ ಬರಬೇಕಾದದ್ದು ಒಂದೂಕಾಲು ವರ್ಷಕ್ಕೆ ಮುಗಿಯುತ್ತದೆ. ಮುಂದಿನ ಚಕ್ರದ ಆಕ್ಸಲ್‌ನ ಒಳಬದಿಯ ರಬ್ಬರ್ ಬೂಟ್ (ಕೀಲನ್ನು ಮುಚ್ಚುವ ಹೊದಿಕೆ), ಸ್ಟಿಯರಿಂಗ್ ರ್‍ಯಾಕ್‌ನ ಬೂಟ್ ಇವುಗಳಲ್ಲಿ ಎಕ್ಸಾಸ್ಟ್ ಬದಿಯದು ಮಾತ್ರ ಪದೇಪದೇ ಹರಿಯುತ್ತಿದ್ದರೆ ಬೂಟಿನ ಗುಣಮಟ್ಟವನ್ನು ದೂರುವ ಮೊದಲು ನಡುವೆ ತಗಡು ಇದೆಯೇ ಎಂದು ನೋಡಬೇಕು. ಬ್ರೇಕ್ ಮಾಸ್ಟರ್ ಸಿಲಿಂಡರ್ ಅಥವಾ ಅದರ ಪೈಪು ಎಕ್ಸಾಸ್ಟ್ ಬದಿಯಲ್ಲಿಯೇ ಇರುವ ಕಾರುಗಳಲ್ಲಂತೂ ಇದು ಅನುಕೂಲದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಡಾಟ್ 3 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಹಳೆಯ ಆಯಿಲ್, ಕಳೆದುಹೋದ ತಗಡು ಇವೆರಡೂ ಕೂಡಿದರೆ ಬ್ರೇಕ್ ಹಿಡಿಯದೆ ಪೆಡಲ್ ನೆಲ ಮುಟ್ಟುವ ಸಾಧ್ಯತೆ ಇದ್ದೇ ಇದೆ.

ಇನ್ನು ಬಿಚ್ಚುವ ಕೆಲಸ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿರಬೇಕು, ಏಕೆಂದರೆ ಈ ತಗಡುಗಳ ಪಕ್ಕದಲ್ಲಿಯೇ ಸ್ಟಾರ್ಟರ್‌ನ ದಪ್ಪ ಕೇಬಲ್ ಹಾದುಹೋಗಿರುತ್ತದೆ. ಕಾರಿನ ಕೆಳಗೆ ಹೋಗಬೇಕಾದರೆ ಜ್ಯಾಕಿನ ಮೇಲೆ ನಿಂತ ಕಾರನ್ನು ನಂಬದೆ ಸ್ಟ್ಯಾಂಡ್ ಕೊಡಬೇಕು. ಮೊದಲು ಪ್ರತಿ ತಗಡನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕೇಳಬೇಕು. ಬೋಲ್ಟ್ ಸಡಿಲವಾಗಿದ್ದರೆ ಸದ್ದು ಒಂದು ಬಗೆ, ಬೋಲ್ಟಿನ ಸುತ್ತ ತಗಡು ತಿಂದುಹೋಗಿ ರಂಧ್ರ ದೊಡ್ಡದಾಗಿದ್ದರೆ ಇನ್ನೊಂದು ಬಗೆ, ಪದರದ ಕವಚದೊಳಗೆ ಹಾಳೆ ಬಿಟ್ಟುಕೊಂಡಿದ್ದರೆ ಒಣ ಕಾಯಿಯ ಬೀಜ ಅಲುಗಿದಂತಹ ಮೂರನೆಯ ಬಗೆ. ಮೊದಲ ಎರಡನ್ನು ಉಳಿಸಿಕೊಳ್ಳಬಹುದು. ಉಳಿದ ತಗಡು ಗಟ್ಟಿಯಾಗಿದ್ದರೆ ದೊಡ್ಡ ವ್ಯಾಸದ ಸ್ಟೇನ್‌ಲೆಸ್ ವಾಷರ್ ಹಾಕಿ ತಿಂದುಹೋದ ರಂಧ್ರವನ್ನು ಮುಚ್ಚಿ ಬಿಗಿಯುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಪೈಪಿನ ಮೇಲಿನ ಕವಚವಾದರೆ ಉದ್ದನೆಯ ಸ್ಟೇನ್‌ಲೆಸ್ ಹೋಸ್ ಕ್ಲಿಪ್ಪನ್ನು ಸುತ್ತ ಬಿಗಿದರೂ ನಡೆಯುತ್ತದೆ. ಮೂರನೆಯದನ್ನು ಎಷ್ಟು ಬಿಗಿದರೂ ಪ್ರಯೋಜನವಿಲ್ಲ.

ಮ್ಯಾನಿಫೋಲ್ಡಿಗೆ ಕೂತಿರುವ ಬೋಲ್ಟುಗಳು ಸಾವಿರಾರು ಸಲ ಕಾದು ತಣ್ಣಗಾಗಿ ತಮ್ಮ ಎಳೆಗಳಲ್ಲಿಯೇ ತುಕ್ಕಿನಿಂದ ಬೆಸೆದುಕೊಂಡಿರುತ್ತವೆ. ಇಲ್ಲಿ ಬಲಕ್ಕಿಂತ ತಾಳ್ಮೆ ಹೆಚ್ಚು ಕೆಲಸ ಮಾಡುತ್ತದೆ. ತುಕ್ಕು ಬಿಡಿಸುವ ತೆಳು ಎಣ್ಣೆ ಹಾಕಿ ರಾತ್ರಿಯಿಡೀ ಬಿಡಬೇಕು, ಹನ್ನೆರಡು ಮೂಲೆಯ ಸಾಕೆಟ್ ಬದಲು ಆರು ಮೂಲೆಯದನ್ನು ಬಳಸಬೇಕು, ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ಒತ್ತಿ ನಂತರ ಬಿಚ್ಚುವ ಕಡೆಗೆ ತಿರುಗಿಸಬೇಕು, ಅಲುಗಿದ ಮೇಲೂ ಒಂದೇ ಸಮನೆ ಬಿಚ್ಚದೆ ಹಿಂದೆ ಮುಂದೆ ಆಡಿಸುತ್ತಾ ಎಣ್ಣೆಯನ್ನು ಒಳಗೆ ಇಳಿಸಬೇಕು. ಎರಕದ ಕಬ್ಬಿಣದಲ್ಲಿ ಬೋಲ್ಟ್ ತುಂಡಾದರೆ ಅದನ್ನು ಕೊರೆದು ತೆಗೆದು ಹೊಸ ಎಳೆ ಹಾಕಿಸುವ ಕೆಲಸ ಕವಚದ ಕೆಲಸಕ್ಕಿಂತ ದೊಡ್ಡದಾಗುತ್ತದೆ. ಬಿಚ್ಚಿದ ಮೇಲೆ ಬೋಲ್ಟಿನ ತಲೆಯ ಕೆಳಗೆ ತಂತಿ ಬಲೆಯ ಸಣ್ಣ ಮೆತ್ತೆಯಂತಹ ವಾಷರ್ ಇದ್ದರೆ ಅದನ್ನು ಕಸವೆಂದು ಎಸೆಯಬಾರದು. ಎಂಜಿನ್ನಿನ ಕಂಪನ ತಗಡಿಗೆ ನೇರವಾಗಿ ದಾಟದಂತೆ, ತಗಡು ಹಿಗ್ಗಿದಾಗ ಸ್ವಲ್ಪ ಜಾರಲು ಜಾಗವಿರುವಂತೆ ಅದನ್ನು ಬೇಕೆಂದೇ ಇಟ್ಟಿರುತ್ತಾರೆ. ಅದರ ಬದಲಿಗೆ ರಬ್ಬರ್ ವಾಷರ್ ಹಾಕಿದರೆ ಮೊದಲ ದಿನವೇ ಕರಗುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಹಳೆಯ ಕಾರುಗಳ ಶಾಖ ಕವಚಗಳ ಪದರದಲ್ಲಿ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಬಳಸಿರುವ ಸಾಧ್ಯತೆ ಇದೆ, ಮತ್ತು ಕಣ್ಣಿನಿಂದ ನೋಡಿ ಅದು ಆಸ್ಬೆಸ್ಟಾಸ್ ಹೌದೋ ಅಲ್ಲವೋ ಎಂದು ಹೇಳಲು ಬರುವುದಿಲ್ಲ. ಪ್ರಯೋಗಾಲಯದ ಸೂಕ್ಷ್ಮದರ್ಶಕವೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಸ್ಬೆಸ್ಟಾಸನ್ನು ಕ್ಯಾನ್ಸರ್ ತರುವುದು ಖಚಿತವಾಗಿರುವ ಮೊದಲ ಗುಂಪಿನಲ್ಲಿಯೂ, ಶಾಖ ನಿರೋಧಕ ಸೆರಾಮಿಕ್ ನಾರನ್ನು ತರುವ ಸಾಧ್ಯತೆಯಿರುವ 2ಬಿ ಗುಂಪಿನಲ್ಲಿಯೂ ಇರಿಸಿದೆ. ಆದ್ದರಿಂದ ಪುಡಿಪುಡಿಯಾಗುವ ಬೂದು ಅಥವಾ ಬಿಳಿ ಪದರ ಕಂಡರೆ ಅದನ್ನು ವೈರ್ ಬ್ರಷ್‌ನಿಂದ ಉಜ್ಜುವುದು, ಗ್ರೈಂಡರ್ ಹಿಡಿಯುವುದು, ಗಾಳಿ ಹೊಡೆದು ಸ್ವಚ್ಛ ಮಾಡುವುದು ಸಲ್ಲದು. ನೀರು ಸಿಂಪಡಿಸಿ ತೇವವಾಗಿಟ್ಟು, ನಾರಿಗೆ ತಕ್ಕ ಮಾಸ್ಕ್ ಧರಿಸಿ, ಇಡಿಯಾಗಿ ತೆಗೆದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಕು. ಬಟ್ಟೆಯ ಮಾಸ್ಕ್ ಇದಕ್ಕೆ ಸಾಲದು. ಸಂಶಯವಿದ್ದರೆ ಇಡೀ ಕೆಲಸವನ್ನು ಅದರಲ್ಲಿ ಪಳಗಿದವರಿಗೆ ಬಿಡುವುದೇ ಸರಿ.

ಕಾರ್ಖಾನೆಯ ಮೂಲ ಕವಚ ಸಿಗುವಂತಿದ್ದರೆ ಅದನ್ನೇ ಹಾಕಬೇಕು. ಅದರ ಉಬ್ಬುತಗ್ಗುಗಳು ಅಂದಕ್ಕಾಗಿ ಇರುವವಲ್ಲ, ತಗಡು ಯಾವ ವೇಗದಲ್ಲಿಯೂ ಕಂಪಿಸದಂತೆ ಬಿಗುವು ಕೊಡಲು ಇರುವವು. ಸಿಗದಿದ್ದಾಗ ಹೊಸದಾಗಿ ಮಾಡಿಕೊಳ್ಳುವುದು ಅನಿವಾರ್ಯ, ಮತ್ತು ಆಗ ಲೋಹದ ಆಯ್ಕೆ ಜಾಗವನ್ನು ನೋಡಿ ಮಾಡಬೇಕಾದದ್ದು. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗುತ್ತದೆ. ಆದ್ದರಿಂದ ಮ್ಯಾನಿಫೋಲ್ಡಿಗೆ ತೀರ ಹತ್ತಿರ ಕೂರುವ ಕವಚಕ್ಕೆ ಅದು ತಕ್ಕದ್ದಲ್ಲ, ಕಾರ್ಬ್ಯುರೇಟರ್ ಕೆಳಗಿನ ತಟ್ಟೆಗೆ, ಫೈರ್‌ವಾಲ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ಬದಿಗೆ, ಕಾರಿನ ಅಡಿಗೆ ಉತ್ತಮ. ಮ್ಯಾನಿಫೋಲ್ಡ್ ಮೇಲೆ ಅಲ್ಯೂಮಿನಿಯಂ ಲೇಪಿಸಿದ ಉಕ್ಕು ಅಥವಾ 304 ಸ್ಟೇನ್‌ಲೆಸ್ ಬೇಕು. ಸ್ಟೇನ್‌ಲೆಸ್‌ಗೆ ಒಂದು ಹೆಚ್ಚುವರಿ ಗುಣವಿದೆ: ಅದು ಸಾಮಾನ್ಯ ಉಕ್ಕಿನ ಮೂರನೆಯ ಒಂದು ಭಾಗದಷ್ಟು ಮಾತ್ರ ಶಾಖವನ್ನು ಸಾಗಿಸುವುದರಿಂದ ಬೋಲ್ಟು ಕೂರುವ ಜಾಗದಿಂದ ತಗಡಿನ ಉದ್ದಕ್ಕೆ ಶಾಖ ಹರಡುವುದು ಕಡಿಮೆ. ಕೈಗೆ ಸುಲಭವಾಗಿ ಸಿಗುವ ಜಿಐ ಶೀಟನ್ನು ಮಾತ್ರ ಇಲ್ಲಿಗೆ ತರಬಾರದು. ಅದರ ಸತುವಿನ ಲೇಪ 420 ಡಿಗ್ರಿಯ ಸುಮಾರಿಗೆ ಕರಗುತ್ತದೆ, ಆಮೇಲೆ ಬರಿಯ ಕಬ್ಬಿಣ ಉಳಿದು ಒಂದೇ ಮಳೆಗಾಲದಲ್ಲಿ ತುಕ್ಕಾಗುತ್ತದೆ.

ಆಕಾರ ತೆಗೆಯಲು ತೆಳು ರಟ್ಟಿಗಿಂತ ಒಳ್ಳೆಯ ಸಾಧನ ಇಲ್ಲ. ಹಳೆಯ ಕವಚ ಚೂರುಚೂರಾಗಿದ್ದರೂ ಅದನ್ನು ಎಸೆಯದೆ ಬೋಲ್ಟುಗಳ ನಡುವಿನ ಅಂತರಕ್ಕೆ ಅದನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು. ರಟ್ಟನ್ನು ಕತ್ತರಿಸಿ, ಬಾಗಿಸಿ, ಟೇಪಿನಿಂದ ಅಂಟಿಸಿ ಎಂಜಿನ್ ಮೇಲೆ ಕೂರಿಸಿ ನೋಡುವಾಗ ನಾನು ಅಂಚುಗಳಿಗಿಂತ ಹೆಚ್ಚು ಗಮನ ಕೊಟ್ಟದ್ದು ಒಳಗಿನ ಜಾಗಕ್ಕೆ: ಮ್ಯಾನಿಫೋಲ್ಡ್‌ನ ಯಾವ ಉಬ್ಬಿನಿಂದಲೂ ರಟ್ಟು ಒಂದು ಬೆರಳಿನ ದಪ್ಪಕ್ಕಿಂತ ಹತ್ತಿರ ಬರಬಾರದು, ಕೆಳಗಿನಿಂದ ಗಾಳಿ ಹೊಕ್ಕು ಮೇಲಿನಿಂದ ಹೊರಡಲು ದಾರಿ ಇರಬೇಕು. ಸುತ್ತಲೂ ಮುಚ್ಚಿದ ಪೆಟ್ಟಿಗೆಯಂತಹ ಕವಚ ಒಳಗಿನ ಗಾಳಿಯನ್ನು ಕಾಯಿಸಿ ತಾನೂ ಕಾಯುತ್ತದೆ. ತಗಡಿಗೆ ಆಕಾರವನ್ನು ವರ್ಗಾಯಿಸಿದ ಮೇಲೆ ಅಂಚುಗಳನ್ನು ಒಳಕ್ಕೆ ಪೂರ್ತಿ ಮಡಚಿ ಚಪ್ಪಟೆ ಮಾಡಿದರೆ ಕೈ ಕೊಯ್ಯುವುದಿಲ್ಲ, ತಗಡಿಗೆ ಬಿಗುವೂ ಬರುತ್ತದೆ. ಒಳಮೂಲೆ ಬರುವಲ್ಲಿ ಮೊದಲು ಸಣ್ಣ ರಂಧ್ರ ಕೊರೆದು ನಂತರ ಅಲ್ಲಿಯವರೆಗೆ ಕತ್ತರಿಸಬೇಕು. ಚೂಪಾದ ಮೂಲೆಯಿಂದಲೇ ಬಿರುಕು ಹೊರಡುತ್ತದೆ.

ಬೋಲ್ಟಿನ ರಂಧ್ರಗಳ ವಿಷಯ ಚಿಕ್ಕದಾಗಿ ಕಂಡರೂ ಕವಚದ ಆಯುಷ್ಯವನ್ನು ನಿರ್ಧರಿಸುವುದು ಅದೇ. 300 ಮಿಲಿಮೀಟರ್ ಉದ್ದದ ಅಲ್ಯೂಮಿನಿಯಂ ತಗಡು 200 ಡಿಗ್ರಿ ಕಾದರೆ ಸುಮಾರು 1.4 ಮಿಲಿಮೀಟರ್ ಹಿಗ್ಗುತ್ತದೆ. ಉಕ್ಕಿನದು ಅದರ ಅರ್ಧದಷ್ಟು. ಎಲ್ಲ ರಂಧ್ರಗಳನ್ನೂ ಬೋಲ್ಟಿನ ಅಳತೆಗೆ ಸರಿಯಾಗಿ ಕೊರೆದರೆ ಹಿಗ್ಗಲು ಜಾಗವಿಲ್ಲದ ತಗಡು ನಡುವೆ ಉಬ್ಬುತ್ತದೆ, ತಣ್ಣಗಾದಾಗ ರಂಧ್ರದ ಅಂಚನ್ನು ಎಳೆಯುತ್ತದೆ, ಕೊನೆಗೆ ಅಲ್ಲಿಯೇ ಸೀಳುತ್ತದೆ. ಒಂದು ರಂಧ್ರವನ್ನು ಅಳತೆಗೆ ಸರಿಯಾಗಿಟ್ಟು ಉಳಿದವನ್ನು ಹಿಗ್ಗುವ ದಿಕ್ಕಿಗೆ ಉದ್ದವಾಗಿ ಅರೆಯುವುದು, ಅಗಲವಾದ ವಾಷರ್ ಹಾಕುವುದು, 6 ಮಿಲಿಮೀಟರ್ ಬೋಲ್ಟಾದರೆ 10 ನ್ಯೂಟನ್ ಮೀಟರ್ ಒಳಗೇ ಬಿಗಿಯುವುದು, ಎಳೆಗಳಿಗೆ ತಾಮ್ರ ಅಥವಾ ನಿಕ್ಕಲ್ ಬೆರೆತ, ಎಳೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ-ಸೀಜ್ ಗ್ರೀಸ್ ಸವರುವುದು, ಇಷ್ಟು ಮಾಡಿದರೆ ಮುಂದೊಮ್ಮೆ ಬಿಚ್ಚುವವರು ಬೈಯುವುದಿಲ್ಲ.

ಹೊಸ ಕವಚವನ್ನು ಕಪ್ಪು ಬಣ್ಣ ಹೊಡೆದು ಅಂದಗಾಣಿಸುವ ಚಪಲ ಅನೇಕರಿಗೆ ಇದೆ. ಶಾಖ ತಾಳುವ ಬಣ್ಣವೇ ಆದರೂ, ಕಪ್ಪು ಮೈ ಹೆಚ್ಚುಕಡಿಮೆ ತುಕ್ಕು ಹಿಡಿದ ಕಬ್ಬಿಣದಷ್ಟೇ ಶಾಖವನ್ನು ಹೀರಿ ಹೊರಸೂಸುತ್ತದೆ. ಹೊಳಪಿನಿಂದ ಬರಬೇಕಾದ ಲಾಭವೆಲ್ಲ ಬಣ್ಣದ ಡಬ್ಬಿಯಲ್ಲಿ ಮುಗಿಯುತ್ತದೆ. ಧೂಳು ಮತ್ತು ಆಯಿಲ್ ಕೂಡಿದ ಕರಿ ಮಡ್ಡಿಯೂ ಇದೇ ಕೆಲಸ ಮಾಡುವುದರಿಂದ ಕವಚವನ್ನು ಆಗಾಗ ಒರೆಸುವುದಕ್ಕೆ ಅಂದದ ಹೊರತಾದ ಕಾರಣವಿದೆ. ನನ್ನ ಮಟ್ಟಿಗೆ ಮಾಸಿದ ಬೆಳ್ಳಿ ಬಣ್ಣದ ಬರಿಯ ಲೋಹವೇ ಬಾನೆಟ್ಟಿನ ಕೆಳಗೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ಬೇರೆ ಮಾತು.

ಮ್ಯಾನಿಫೋಲ್ಡಿಗೆ ಗಾಜಿನ ನಾರಿನ ಪಟ್ಟಿಯನ್ನು ಬ್ಯಾಂಡೇಜಿನಂತೆ ಸುತ್ತುವ ಪದ್ಧತಿಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಅದು ಕೆಲಸ ಮಾಡುವುದಿಲ್ಲ ಎಂದಲ್ಲ. ಬಾನೆಟ್ಟಿನ ಒಳಗಿನ ಶಾಖ ನಿಜವಾಗಿಯೂ ತಗ್ಗುತ್ತದೆ. ಆದರೆ ಕವಚ ಶಾಖವನ್ನು ದೂರ ನಿಂತು ತಡೆದರೆ ಸುತ್ತಿದ ಪಟ್ಟಿ ಅದನ್ನು ಲೋಹದ ಒಳಗೇ ಹಿಡಿದಿಡುತ್ತದೆ, ಹಾಗಾಗಿ ಮ್ಯಾನಿಫೋಲ್ಡ್ ಮೊದಲಿಗಿಂತ ಹೆಚ್ಚು ಕಾಯುತ್ತದೆ, ಹಳೆಯ ಎರಕ ಬಿರುಕು ಬಿಡುವ ಸಾಧ್ಯತೆ ಹೆಚ್ಚುತ್ತದೆ. ನಿಂತ ಕಾರಿನಲ್ಲಿ ಪಟ್ಟಿ ತೇವವನ್ನು ಹಿಡಿದಿಟ್ಟುಕೊಂಡು ತೆಳು ಉಕ್ಕಿನ ಪೈಪನ್ನು ಒಳಗೊಳಗೇ ತಿನ್ನುತ್ತದೆ, ಆಯಿಲ್ ತೊಟ್ಟಿಕ್ಕಿದರೆ ಬತ್ತಿಯಾಗುತ್ತದೆ. ಸ್ಪರ್ಧೆಯ ಕಾರಿನಲ್ಲಿ ಪೈಪನ್ನು ಬೇಗ ಬೇಗ ಬದಲಿಸುವವರಿಗೆ ಇದು ಸರಿ. ಎರಕದ ಮ್ಯಾನಿಫೋಲ್ಡ್ ಎಲ್ಲಿಯೂ ಸಿಗದ ಹಳೆಯ ಕಾರಿಗೆ ಅಲ್ಲ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಿನಲ್ಲಿ ಅದಕ್ಕೆ ಪಟ್ಟಿ ಸುತ್ತಲೇಬಾರದು. ಒಂದು ಸಿಲಿಂಡರ್ ಮಿಸ್‌ಫೈರ್ ಆದರೂ ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಉರಿದು ಅದು ಕೆಂಪಗೆ ಕಾಯಬಲ್ಲದು, ಅದರ ಮೇಲಿನ ತಗಡು ಕಾರಿನ ನೆಲಹಾಸನ್ನೂ ಕೆಳಗಿನ ತಗಡು ಒಣ ಹುಲ್ಲನ್ನೂ ಕಾಯುತ್ತಿರುತ್ತವೆ. ಸದ್ದು ಮಾಡುತ್ತದೆ ಎಂದು ಆ ತಗಡನ್ನು ಕಿತ್ತು ಹಾಕಿದ ಕಾರನ್ನು ಹುಲ್ಲಿನ ಮೇಲೆ ನಿಲ್ಲಿಸುವುದು ಅಪಾಯಕಾರಿ.

ಬೆನ್ನಿಗೆ ಅಂಟು ಇರುವ ಹೊಳೆಯುವ ಹಾಳೆಗಳಿಗೂ ಒಂದು ಜಾಗವಿದೆ, ಅದು ಬಿಸಿ ಭಾಗದ ಮೇಲಲ್ಲ. ಕಾಪಾಡಬೇಕಾದ ಭಾಗದ ಮೇಲೆ. ಫೈರ್‌ವಾಲ್, ಏರ್ ಫಿಲ್ಟರ್ ಡಬ್ಬಿ, ಪ್ಲಾಸ್ಟಿಕ್ ನೀರಿನ ಟ್ಯಾಂಕ್ ಇವುಗಳ ಬಿಸಿ ಬದಿಗೆ ಅಂಟಿಸಿದರೆ ಬರುವ ವಿಕಿರಣವನ್ನು ಹಿಂದಕ್ಕೆ ಕಳುಹಿಸುತ್ತವೆ. ವೈರು ಮತ್ತು ಹೋಸ್ ಪೈಪುಗಳಿಗೆ ಅಲ್ಯೂಮಿನಿಯಂ ಹೊರಮೈಯ ಗಾಜಿನ ನಾರಿನ ತೋಳು ಹಾಕಬಹುದು, ಆದರೆ ಅದನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಸಡಿಲವಾಗಿ ಬಿಡಬೇಕು. ಅಲ್ಲಿಯೂ ಕೆಲಸ ಮಾಡುವುದು ಒಳಗಿನ ಗಾಳಿಯೇ.

ಕೆಲಸ ಆದ ಮೇಲೆ ಫಲವನ್ನು ಅಳೆಯುವಾಗ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯುವವರು ಒಂದು ಮೋಸಕ್ಕೆ ಒಳಗಾಗುತ್ತಾರೆ. ಆ ಉಪಕರಣ ಮೈಯಿಂದ ಹೊರಡುವ ವಿಕಿರಣವನ್ನು ನೋಡಿ ಉಷ್ಣತೆಯನ್ನು ಊಹಿಸುತ್ತದೆ, ಮತ್ತು ಸಾಮಾನ್ಯವಾಗಿ ಎಲ್ಲ ಮೈಗಳೂ ಕಪ್ಪಗೆ ಮಂಕಾಗಿವೆ ಎಂದು ಭಾವಿಸಿರುತ್ತದೆ. ಹೊಳೆಯುವ ತಗಡಿಗೆ ಗುರಿ ಹಿಡಿದರೆ ಅದು ನಿಜಕ್ಕಿಂತ ಬಹಳ ಕಡಿಮೆ ಅಂಕಿಯನ್ನು ತೋರಿಸಿ ನಮ್ಮನ್ನು ಹಿಗ್ಗಿಸುತ್ತದೆ. ಆ ಅಂಕಿಯನ್ನು ನಂಬಿ ತಗಡನ್ನು ಮುಟ್ಟಿದ ಕೈಗೆ ಸತ್ಯ ತಿಳಿಯುತ್ತದೆ. ತಗಡಿನ ಮೇಲೆ ಶಾಖ ತಾಳುವ ಕಪ್ಪು ಬಣ್ಣದ ನಾಣ್ಯದಗಲದ ಚುಕ್ಕೆ ಇಟ್ಟು ಅಲ್ಲಿ ಅಳೆಯಬಹುದು. ಅದಕ್ಕಿಂತ ಮೇಲು, ಕಾಪಾಡಬೇಕಾದ ವಸ್ತುವನ್ನೇ ಅಳೆಯುವುದು: ಕಾರ್ಬ್ಯುರೇಟರ್‌ನ ಬಟ್ಟಲು, ಸ್ಟಾರ್ಟರ್‌ನ ಮೈ, ಪ್ಲಗ್ ವೈರು ಇವುಗಳಿಗೆ ಥರ್ಮೋಕಪಲ್ ತಂತಿ ಕಟ್ಟಿ, ಓಟದ ಸಮಯದ ಅಂಕಿಯನ್ನೂ ಎಂಜಿನ್ ನಿಲ್ಲಿಸಿದ ಹತ್ತು ನಿಮಿಷದ ನಂತರದ ಅಂಕಿಯನ್ನೂ ಬರೆದಿಟ್ಟುಕೊಂಡು, ಕವಚ ಹಾಕುವ ಮೊದಲಿನ ಅಂಕಿಗಳೊಂದಿಗೆ ಹೋಲಿಸಬೇಕು. ಎರಡು ದಿನಗಳ ಹೊರಗಿನ ಹವೆ ಒಂದೇ ಆಗಿರದಿದ್ದರೆ ಹೋಲಿಕೆಗೆ ಬೆಲೆಯಿಲ್ಲ, ಆದ್ದರಿಂದ ಹೊರಗಿನ ಉಷ್ಣತೆಯನ್ನೂ ಜೊತೆಗೆ ಬರೆಯಬೇಕು.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಬೋಲ್ಟುಗಳಿಗೆ ಹಾಕಿದ ಎಣ್ಣೆ, ತಗಡಿನ ಮೇಲಿನ ಬೆರಳ ಗುರುತು, ನಾರಿನ ಅಂಟು ಇವೆಲ್ಲ ಉರಿದು ಸ್ವಲ್ಪ ಹೊಗೆ ಮತ್ತು ವಾಸನೆ ಬರುವುದು ಸಹಜ; ಬಯಲಿನಲ್ಲಿ ನಿಲ್ಲಿಸಿ, ಬಾನೆಟ್ ತೆರೆದಿಟ್ಟು, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆ ಸಿಗುವಂತೆ ಇಟ್ಟುಕೊಂಡು ಇದನ್ನು ಮಾಡಬೇಕು. ನಂತರ ಯಾರನ್ನಾದರೂ ಸ್ಟಿಯರಿಂಗ್ ಮುಂದೆ ಕೂರಿಸಿ ಆಕ್ಸಿಲರೇಟರನ್ನು ಒತ್ತಿ ಬಿಡಲು ಹೇಳಿ ಬದಿಯಿಂದ ನೋಡಬೇಕು. ಮೌಂಟಿಂಗ್‌ಗಳ ಮೇಲೆ ಎಂಜಿನ್ ಎಷ್ಟು ವಾಲುತ್ತದೆ ಎಂಬುದು ಆಗ ಕಾಣುತ್ತದೆ, ನಿಂತ ಎಂಜಿನ್ನಿನಲ್ಲಿ ಸಾಕಷ್ಟಿದ್ದ ಅಂತರ ವಾಲಿದಾಗ ಸ್ಟಿಯರಿಂಗ್ ಕಾಲಮ್ಮಿಗೋ ಬಾಡಿಗೋ ತಾಗುತ್ತಿದ್ದರೆ ತಿಳಿಯುತ್ತದೆ. ತಾಗುವ ಜಾಗದಲ್ಲಿ ತಗಡು ಹೊಳೆಯುವ ಗೆರೆಯಾಗಿ ಸವೆದಿರುವುದನ್ನು ಕೆಲವು ದಿನ ಓಡಿಸಿದ ಮೇಲೆಯೂ ಹುಡುಕಬಹುದು. ಕೆಲವು ಸಲ ಪೂರ್ತಿ ಕಾದು ತಣ್ಣಗಾದ ನಂತರ ಬೋಲ್ಟುಗಳು ಒಮ್ಮೆ ಸಡಿಲಾಗುತ್ತವೆ. ತಣ್ಣಗಿರುವಾಗ ಅವನ್ನು ಮತ್ತೆ ಅದೇ ಬಿಗಿಗೆ ತಂದರೆ ಕೆಲಸ ಮುಗಿಯುತ್ತದೆ.